ಮಗುವಿನ ತಲೆಗೆ ಪೆಟ್ಟಾದಾಗ ಕಣ್ಣಿನೊಳಗೆ ಏನಾಗುತ್ತದೆ?

ಮಗು ಮಂಚದಿಂದ ಬಿತ್ತು, ತಲೆಗೆ ಪೆಟ್ಟಾಯಿತು ಎಂದಾಗ ಮನೆಯವರು ಮೊದಲು ಎರಡು ಕಡೆ ನೋಡುತ್ತಾರೆ. ತಲೆಯಲ್ಲಿ ಊತ ಅಥವಾ ಗಾಯ ಇದೆಯೇ? ಕಣ್ಣು ಕೆಂಪಾಗಿದೆಯೇ? ಎರಡೂ ಇಲ್ಲದಿದ್ದರೆ "ಅಲ್‌ಹಮ್ದುಲಿಲ್ಲಾಹ್, ಏನೂ ಆಗಿಲ್ಲ" ಎಂದು ಸಮಾಧಾನಪಡುತ್ತಾರೆ. ಕಣ್ಣಿನ ಬಿಳಿ ಭಾಗದಲ್ಲಿ ಒಂದು ಕೆಂಪು ಕಲೆ ಕಂಡರೆ ಮನೆಯೆಲ್ಲ ಗಾಬರಿಯಾಗುತ್ತದೆ.

ಈ ಲೆಕ್ಕಾಚಾರ ಹಲವು ಬಾರಿ ತಲೆಕೆಳಗಾಗಿರುತ್ತದೆ. ಕಣ್ಣಿನ ಹೊರಗೆ ಕಾಣುವ ಕೆಂಪು ಕಲೆ ಹೆಚ್ಚಾಗಿ ತಾನಾಗಿಯೇ ಮಾಯವಾಗುತ್ತದೆ. ಅಪಾಯವನ್ನು ಸೂಚಿಸುವ ರಕ್ತ ಕಣ್ಣಿನ ಒಳಗೋಡೆಯಲ್ಲಿರುತ್ತದೆ. ಅದು ತಾಯಿಗೆ ಕಾಣುವುದಿಲ್ಲ, ಬರಿಗಣ್ಣಿನಿಂದ ನೋಡುವ ವೈದ್ಯರಿಗೂ ಕಾಣುವುದಿಲ್ಲ. ಮಗುವಿಗೆ ನೋವು ಹೇಳಿಕೊಳ್ಳಲು ಬಾಯಿಲ್ಲ. "ನನಗೆ ಮಂಜಾಗಿ ಕಾಣುತ್ತಿದೆ" ಎಂದು ಆರು ತಿಂಗಳ ಕಂದಮ್ಮ ಹೇಳಲಾರದು. ಆದ್ದರಿಂದ ಮೂರು ವರ್ಷದೊಳಗಿನ ಮಕ್ಕಳಿರುವ ಪ್ರತಿಯೊಂದು ಮನೆಯವರೂ ಈ ವಿಷಯವನ್ನು ಸ್ವಲ್ಪ ತಿಳಿದಿರಬೇಕು.

ಹೊರಗೆ ಕಾಣುವ ರಕ್ತ

ಕಣ್ಣಿನ ಬಿಳಿಗುಡ್ಡೆಯ ಮೇಲೆ ತೆಳುವಾದ ಒಂದು ಪೊರೆಯಿದೆ. ಆ ಪೊರೆಯ ಕೆಳಗಿನ ಸಣ್ಣ ರಕ್ತನಾಳ ಒಡೆದರೆ ಅಲ್ಲಿ ರಕ್ತ ಹರಡಿ ಕಡುಗೆಂಪು ಕಲೆಯಾಗುತ್ತದೆ. ಯುನಾನಿ ಗ್ರಂಥಗಳಲ್ಲಿ ಇದಕ್ಕೆ 'ತರ್ಫಾ' ಎಂದು ಹೆಸರು. ಇಬ್ನ್ ಸೀನಾ ಅವರ 'ಅಲ್‌ಖಾನೂನ್'ನಲ್ಲೂ ಇದರ ವಿವರಣೆಯಿದೆ. ಪೆಟ್ಟಿನಿಂದ ಮಾತ್ರವಲ್ಲ, ಜೋರಾದ ವಾಂತಿ, ನಾಯಿಕೆಮ್ಮಿನಂತಹ ಬಿಗಿಯಾದ ಕೆಮ್ಮು ಮುಂತಾದವುಗಳಿಂದಲೂ ತರ್ಫಾ ಆಗಬಹುದು. ಹೆರಿಗೆಯ ಒತ್ತಡದಿಂದ ನವಜಾತ ಶಿಶುಗಳ ಕಣ್ಣಿನಲ್ಲೂ ಇಂತಹ ಕಲೆ ಕಾಣಿಸುವುದುಂಟು. ಇದು ದೃಷ್ಟಿಗೆ ತೊಂದರೆ ಮಾಡುವುದಿಲ್ಲ. ಒಂದೆರಡು ವಾರಗಳಲ್ಲಿ ಕೆಂಪು ಹಳದಿಯಾಗಿ ಕರಗಿಹೋಗುತ್ತದೆ. ಆದರೆ ಹೆರಿಗೆಯಾಗಿ ವಾರಗಳು ಕಳೆದ ನಂತರ, ಕೆಮ್ಮು, ವಾಂತಿ, ಪೆಟ್ಟು ಯಾವುದೂ ಇಲ್ಲದೆ ಹಸುಳೆಯ ಕಣ್ಣಿನಲ್ಲಿ ತರ್ಫಾ ಕಂಡರೆ ವೈದ್ಯರಿಗೆ ತೋರಿಸಲೇಬೇಕು.

ಹೊರಗೆ ಕಾಣುವ ಇನ್ನೆರಡು ಲಕ್ಷಣಗಳು ಹೀಗೆ ಹಗುರವಾದವಲ್ಲ. ಒಂದು, ಕಪ್ಪುಗುಡ್ಡೆಯ ಮುಂದೆ ರಕ್ತ ನಿಲ್ಲುವುದು. ಮಗುವನ್ನು ಕೂರಿಸಿದಾಗ ಕಪ್ಪುಗುಡ್ಡೆಯ ಕೆಳಭಾಗದಲ್ಲಿ ಕೆಂಪು ಗೆರೆಯಂತೆ ರಕ್ತ ತಂಗಿರುವುದು ಕಾಣುತ್ತದೆ. ಚೆಂಡು, ಕೋಲು, ಆಟಿಕೆ ನೇರವಾಗಿ ಕಣ್ಣಿಗೆ ಬಡಿದಾಗ ಹೀಗಾಗುತ್ತದೆ. ಅದೇ ದಿನ ನೇತ್ರತಜ್ಞರ ಬಳಿ ಹೋಗಬೇಕು. ಮೊದಲ ಕೆಲವು ದಿನಗಳಲ್ಲಿ ಮತ್ತೆ ರಕ್ತ ಒಸರುವ ಮತ್ತು ಕಣ್ಣಿನ ಒತ್ತಡ ಏರುವ ಭಯವಿರುತ್ತದೆ.

ಎರಡನೆಯದು, ತಲೆಗೆ ಪೆಟ್ಟಾದ ಕೆಲವು ಗಂಟೆಗಳ ನಂತರ ಎರಡೂ ಕಣ್ಣುಗಳ ಸುತ್ತ ಕಪ್ಪುನೀಲಿ ಬಣ್ಣ ಕಟ್ಟುವುದು. ಕಣ್ಣಿಗೆ ಏನೂ ಬಡಿಯದೆ ಹೀಗಾದರೆ ತಲೆಬುರುಡೆಯ ತಳಭಾಗದಲ್ಲಿ ಬಿರುಕು ಬಿಟ್ಟಿರಬಹುದು. ಕಿವಿಯ ಹಿಂಭಾಗದಲ್ಲಿ ನೀಲಿಗಟ್ಟುವುದು, ಮೂಗು ಅಥವಾ ಕಿವಿಯಿಂದ ನೀರಿನಂತಹ ದ್ರವ ಸೋರುವುದು ಕೂಡ ಇದರ ಲಕ್ಷಣಗಳೇ. ಇಲ್ಲಿ ಕಾಯುವ ಪ್ರಶ್ನೆಯೇ ಇಲ್ಲ.

ಒಳಗೆ ಅಡಗಿರುವ ರಕ್ತ

ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ, ಬೆಳಕನ್ನು ಗ್ರಹಿಸುವ ಪದರವನ್ನು ಕನ್ನಡದಲ್ಲಿ ಅಕ್ಷಿಪಟಲ, ಇಂಗ್ಲಿಷಿನಲ್ಲಿ ರೆಟಿನಾ ಎನ್ನುತ್ತೇವೆ. ಅರಬಿ ಹಕೀಮರು ಇದನ್ನು 'ಶಬಕಿಯ್ಯಾ' ಎಂದರು. 'ಶಬಕ' ಎಂದರೆ ಬಲೆ. 12ನೇ ಶತಮಾನದಲ್ಲಿ ಅರಬಿ ವೈದ್ಯಗ್ರಂಥಗಳು ಲ್ಯಾಟಿನ್ ಭಾಷೆಗೆ ಅನುವಾದವಾದಾಗ ಅಲ್ಲಿಯೂ ಬಲೆ ಎಂಬ ಅರ್ಥದ ಪದವನ್ನೇ ಬಳಸಿದರು. ರೆಟಿನಾ ಬಂದದ್ದು ಹಾಗೆ. ಆ ಹಕೀಮರು ಶಬಕಿಯ್ಯಾದ ರಚನೆಯನ್ನು ವಿವರಿಸಿದ್ದರೂ ಬದುಕಿರುವ ಮನುಷ್ಯನ ಕಣ್ಣಿನಲ್ಲಿ ಅದನ್ನು ನೋಡುವ ಸಾಧನ ಅವರಲ್ಲಿರಲಿಲ್ಲ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅವರು ಆಫ್ತಾಲ್ಮೋಸ್ಕೋಪ್ ಎಂಬ ಉಪಕರಣವನ್ನು ಪರಿಚಯಿಸಿದ ನಂತರವೇ ವೈದ್ಯರು ಈ ಬಲೆಯನ್ನು ಕಣ್ಣಾರೆ ಕಂಡದ್ದು.

ಇಂದಿಗೂ ಈ ಪದರವನ್ನು ಪೂರ್ತಿಯಾಗಿ ನೋಡಬೇಕಾದರೆ ಕಣ್ಣಿಗೆ ಔಷಧಿ ಹನಿ ಹಾಕಿ ಪಾಪೆಯನ್ನು ಹಿಗ್ಗಿಸಬೇಕು. ನಂತರ ನೇತ್ರತಜ್ಞರು ತಲೆಗೆ ಕಟ್ಟಿಕೊಂಡ ದೀಪ ಮತ್ತು ಕೈಯಲ್ಲಿ ಹಿಡಿದ ಮಸೂರದ ಸಹಾಯದಿಂದ ಅಂಚಿನವರೆಗೂ ಪರೀಕ್ಷಿಸುತ್ತಾರೆ. ಬರೇ ಟಾರ್ಚ್ ಬೆಳಕಿನಲ್ಲಿ "ಕಣ್ಣು ಸರಿಯಾಗಿದೆ" ಎಂದು ಹೇಳಿದರೆ ಒಳಗಿನ ಪರೀಕ್ಷೆ ಆಗಿದೆ ಎಂದರ್ಥವಲ್ಲ. ಮೆದುಳಿಗೆ ಪೆಟ್ಟಾಗಿರುವ ಸಂಶಯವಿದ್ದಾಗ ಪಾಪೆಯ ಗಾತ್ರ ಬದಲಾಗುತ್ತಿದೆಯೇ ಎಂದು ವೈದ್ಯರು ಪದೇ ಪದೇ ನೋಡಬೇಕಾಗುವುದರಿಂದ, ಹನಿ ಹಾಕುವುದನ್ನು ಕೆಲವು ಗಂಟೆ ಮುಂದೂಡಬಹುದು. ಅದನ್ನು ನಿರ್ಲಕ್ಷ್ಯ ಎಂದು ಭಾವಿಸಬೇಡಿ. ಆದರೆ ಅಕ್ಷಿಪಟಲದ ಸಣ್ಣ ರಕ್ತಕಲೆಗಳು ಕೆಲವೇ ದಿನಗಳಲ್ಲಿ ಮಾಸಿಹೋಗುವುದರಿಂದ, ಸಾಧ್ಯವಾದರೆ ಒಂದೆರಡು ದಿನಗಳೊಳಗೆ ಈ ಪರೀಕ್ಷೆ ಆಗುವುದು ಒಳ್ಳೆಯದು.

ಶಿಶುವಿನ ತಲೆ ದೊಡ್ಡವರ ತಲೆಯಂತಲ್ಲ

ಹುಟ್ಟಿದ ಮಗುವಿನ ಉದ್ದದಲ್ಲಿ ಸುಮಾರು ಕಾಲುಭಾಗ ತಲೆಯೇ ಇರುತ್ತದೆ. ಅಷ್ಟು ಭಾರವನ್ನು ಹಿಡಿದು ನಿಲ್ಲಿಸಲು ಕುತ್ತಿಗೆಯ ಸ್ನಾಯುಗಳಿಗೆ ಶಕ್ತಿ ಸಾಲದು. ಮೆದುಳಿನಲ್ಲಿ ನೀರಿನ ಅಂಶ ಹೆಚ್ಚು, ಅದು ಮೃದು. ತಲೆಬುರುಡೆಯ ಮೂಳೆಗಳು ಇನ್ನೂ ಕೂಡಿರುವುದಿಲ್ಲ. ನೆತ್ತಿಯ ಮೆತ್ತಗಿನ ಭಾಗ ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಕಣ್ಣಿನ ಒಳಗೆ ತುಂಬಿರುವ ಲೋಳೆಯಂತಹ ವಸ್ತು ಎಳೆಯ ಮಕ್ಕಳಲ್ಲಿ ಅಕ್ಷಿಪಟಲಕ್ಕೆ ಬಹಳ ಬಿಗಿಯಾಗಿ ಅಂಟಿಕೊಂಡಿರುತ್ತದೆ.

ಈಗ ಮಗುವನ್ನು ತೋಳುಗಳಲ್ಲಿ ಹಿಡಿದು ಜೋರಾಗಿ ಕುಲುಕಿದರೆ ಏನಾಗುತ್ತದೆ ಎಂದು ಯೋಚಿಸಿ. ತಲೆ ಮುಂದಕ್ಕೂ ಹಿಂದಕ್ಕೂ ಚಾವಟಿಯಂತೆ ಬೀಸುತ್ತದೆ. ಬುರುಡೆ ಒಂದು ಕಡೆ ಚಲಿಸಿದರೆ ಮೆದುಳು ಹಿಂದುಳಿಯುತ್ತದೆ. ಅವೆರಡರ ನಡುವಿನ ಸೂಕ್ಷ್ಮ ರಕ್ತನಾಳಗಳು ಹರಿದು ಮೆದುಳಿನ ಹೊದಿಕೆಯ ಕೆಳಗೆ ರಕ್ತ ಸೇರುತ್ತದೆ. ಕಣ್ಣಿನೊಳಗಿನ ಲೋಳೆ ಅಕ್ಷಿಪಟಲವನ್ನು ಜಗ್ಗುತ್ತದೆ. ಬಲೆಯಂತಹ ಆ ಪದರದಲ್ಲಿ ಹತ್ತಾರು ಕಡೆ ರಕ್ತ ಒಸರುತ್ತದೆ. ಇಷ್ಟೆಲ್ಲ ಆದರೂ ಹೊರಗೆ ಒಂದು ಗೀರು ಕೂಡ ಇಲ್ಲದಿರಬಹುದು.

ಬೀಳುವುದು ಬೇರೆ, ಕುಲುಕುವುದು ಬೇರೆ

1946ರಲ್ಲಿ ಅಮೆರಿಕದ ಜಾನ್ ಕ್ಯಾಫಿ ಎಂಬ ಮಕ್ಕಳ ಎಕ್ಸ್‌ರೇ ತಜ್ಞರು ಮೆದುಳಿನ ಹೊದಿಕೆಯ ಕೆಳಗೆ ರಕ್ತ ಸೇರಿದ್ದ 6 ಶಿಶುಗಳಲ್ಲಿ ಕೈಕಾಲುಗಳ ಮೂಳೆಗಳೂ ಮುರಿದಿದ್ದನ್ನು ವರದಿ ಮಾಡಿದರು. 1971ರಲ್ಲಿ ಇಂಗ್ಲೆಂಡಿನ ನರಶಸ್ತ್ರತಜ್ಞ ನಾರ್ಮನ್ ಗತ್‌ಕೆಲ್ಚ್ ಅವರು, ತಲೆಗೆ ಹೊರಗಿನಿಂದ ಪೆಟ್ಟು ಬೀಳದಿದ್ದರೂ ಜೋರಾಗಿ ಕುಲುಕುವುದರಿಂದ ಮೆದುಳಿನ ಸುತ್ತ ರಕ್ತಸ್ರಾವ ಆಗಬಹುದು ಎಂದು ಬರೆದರು. ಹೊಡೆಯುವುದಕ್ಕಿಂತ ಕುಲುಕುವುದು ಮೃದುವಾದ ಶಿಕ್ಷೆ ಎಂಬ ತಪ್ಪು ತಿಳುವಳಿಕೆ ಅಲ್ಲಿನ ಕೆಲವು ಹೆತ್ತವರಲ್ಲಿತ್ತು ಎಂಬುದೂ ಅವರ ಗಮನಕ್ಕೆ ಬಂದಿತ್ತು. ಮುಂದೆ ಇದು 'ಶೇಕನ್ ಬೇಬಿ ಸಿಂಡ್ರೋಮ್' ಎಂದು ಹೆಸರಾಯಿತು. ಕುಲುಕುವುದರ ಜೊತೆ ಬಡಿಯುವುದು, ಎಸೆಯುವುದೂ ಸೇರಿರಬಹುದಾದ ಕಾರಣ 2009ರಲ್ಲಿ ಅಮೆರಿಕದ ಮಕ್ಕಳ ತಜ್ಞರ ಸಂಘವು ಇದಕ್ಕೆ 'ದೌರ್ಜನ್ಯದಿಂದಾದ ತಲೆಪೆಟ್ಟು' ಎಂಬ ಅರ್ಥದ ಹೆಸರನ್ನು ಸೂಚಿಸಿತು.

ಹೀಗೆ ಪೆಟ್ಟಾದ ಮಕ್ಕಳಲ್ಲಿ ಸುಮಾರು ಶೇಕಡಾ 80ರಷ್ಟು ಮಂದಿಗೆ ಅಕ್ಷಿಪಟಲದಲ್ಲಿ ರಕ್ತಸ್ರಾವ ಇರುತ್ತದೆ. ಆಕಸ್ಮಿಕವಾಗಿ ತಲೆಗೆ ಪೆಟ್ಟಾಗಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಇದು ಶೇಕಡಾ 5ರ ಆಸುಪಾಸಿನಲ್ಲಿದೆ. ಆಕಸ್ಮಿಕ ಪೆಟ್ಟಿನಲ್ಲಿ ಕಲೆಗಳು ಕೆಲವೇ ಇದ್ದು ಕಣ್ಣಿನ ಹಿಂಭಾಗದ ಮಧ್ಯದಲ್ಲಿ ಮಾತ್ರ ಇರುವುದು ವಾಡಿಕೆ. ಜೋರಾಗಿ ಕುಲುಕಿದ ಮಕ್ಕಳಲ್ಲಿ ಕಲೆಗಳು ಲೆಕ್ಕಕ್ಕೆ ಸಿಗದಷ್ಟು, ಅಕ್ಷಿಪಟಲದ ಬೇರೆ ಬೇರೆ ಪದರಗಳಲ್ಲಿ, ಅಂಚಿನವರೆಗೂ ಹರಡಿರುತ್ತವೆ. "ಸೋಫಾದಿಂದ ಬಿತ್ತು" ಎಂದು ಹೇಳಿದಾಗ ವೈದ್ಯರು ಮತ್ತೆ ಮತ್ತೆ ಪ್ರಶ್ನೆ ಕೇಳುವುದು ಈ ಕಾರಣಕ್ಕಾಗಿ.

ಇಲ್ಲಿ ತಾಯಂದಿರು ಅನಗತ್ಯವಾಗಿ ಹೆದರಬಾರದು. ತೊಟ್ಟಿಲು ತೂಗುವುದು, ಮಡಿಲಲ್ಲಿ ಕೂರಿಸಿ ಆಡಿಸುವುದು, ಹೆಗಲ ಮೇಲೆ ಹಾಕಿ ಬೆನ್ನು ತಟ್ಟುವುದು, ಹೊಂಡಗುಂಡಿಯ ರಸ್ತೆಯಲ್ಲಿ ಆಟೋದಲ್ಲಿ ಹೋಗುವುದು, ಇವುಗಳಿಂದ ಇಂತಹ ರಕ್ತಸ್ರಾವ ಆಗುವುದಿಲ್ಲ. ನೋಡಿದ ಯಾರಿಗಾದರೂ "ಅಯ್ಯೋ, ಮಗುವಿಗೆ ಏನಾದರೂ ಆದೀತು" ಎನಿಸುವಷ್ಟು ಬಲವಾದ ಕುಲುಕಾಟದ ಬಗ್ಗೆ ನಾನು ಹೇಳುತ್ತಿದ್ದೇನೆ. ಆದರೆ ಎಣ್ಣೆಸ್ನಾನದ ನಂತರ ಮಗುವಿನ ಕಾಲು ಹಿಡಿದು ತಲೆಕೆಳಗಾಗಿ ತೂಗುವ, ಗಾಳಿಯಲ್ಲಿ ಎಸೆದು ಹಿಡಿಯುವ ರೂಢಿ ನಮ್ಮ ಕೆಲವು ಕಡೆ ಇದೆ. ಅದರಿಂದ ಮಗುವಿಗೆ ಯಾವ ಲಾಭವೂ ಇಲ್ಲ. ಎಣ್ಣೆ ಹಚ್ಚಿದ ಮೈ ಜಾರುತ್ತದೆ ಎಂಬುದೊಂದೇ ಅದನ್ನು ನಿಲ್ಲಿಸಲು ಸಾಕಾದ ಕಾರಣ. ನೀವಿಸಲಿ, ಸ್ನಾನ ಮಾಡಿಸಲಿ, ಆದರೆ ಒಂದು ಕೈ ಸದಾ ತಲೆ ಮತ್ತು ಕುತ್ತಿಗೆಯ ಕೆಳಗಿರಲಿ.

ರಕ್ತಸ್ರಾವಕ್ಕೆ ಬೇರೆ ಕಾರಣಗಳೂ ಇವೆ

ಅಕ್ಷಿಪಟಲದಲ್ಲಿ ರಕ್ತ ಕಂಡ ಮಾತ್ರಕ್ಕೆ ಯಾರನ್ನೂ ಅಪರಾಧಿ ಎನ್ನಲಾಗದು. ಸಹಜ ಹೆರಿಗೆಯಲ್ಲಿ ಹುಟ್ಟಿದ ಸುಮಾರು ನಾಲ್ಕು ಶಿಶುಗಳಲ್ಲಿ ಒಂದಕ್ಕೆ ಅಕ್ಷಿಪಟಲದಲ್ಲಿ ರಕ್ತಕಲೆಗಳಿರುತ್ತವೆ. ವ್ಯಾಕ್ಯೂಮ್ ಹಾಕಿ ಹೊರತೆಗೆದ ಶಿಶುಗಳಲ್ಲಿ ಇನ್ನೂ ಹೆಚ್ಚು. ಇವುಗಳಲ್ಲಿ ಬಹುತೇಕ ಎರಡು ವಾರಗಳಲ್ಲಿ ಹೋಗಿಬಿಡುತ್ತವೆ. ಹಿಮೋಫಿಲಿಯಾದಂತಹ ರಕ್ತ ಹೆಪ್ಪುಗಟ್ಟದ ಕಾಯಿಲೆಗಳು, ರಕ್ತದ ಕ್ಯಾನ್ಸರ್, ಮೆದುಳಿನ ಹೊದಿಕೆಯ ಸೋಂಕು, ಕೆಲವು ಅಪರೂಪದ ಆನುವಂಶಿಕ ಕಾಯಿಲೆಗಳು, ರಸ್ತೆ ಅಪಘಾತ ಮುಂತಾದವುಗಳಿಂದಲೂ ಹೀಗಾಗಬಹುದು. ಕುಲುಕುವುದರ ಅಪಾಯವನ್ನು ಮೊದಲು ಬರೆದ ಗತ್‌ಕೆಲ್ಚ್ ಅವರೇ ತಮ್ಮ ಇಳಿವಯಸ್ಸಿನಲ್ಲಿ, ಬರೇ ಈ ಲಕ್ಷಣಗಳನ್ನು ನೋಡಿ ಆರೋಪ ಹೊರಿಸುವ ಮುನ್ನ ಬೇರೆ ಕಾರಣಗಳನ್ನು ಹುಡುಕಬೇಕು ಎಂದು ಎಚ್ಚರಿಸಿದ್ದರು. ರಕ್ತಪರೀಕ್ಷೆ, ಸ್ಕ್ಯಾನ್, ಮೂಳೆಗಳ ಎಕ್ಸ್‌ರೇ ಎಲ್ಲವನ್ನೂ ವೈದ್ಯರು ಮಾಡಿಸುವುದು ಇದಕ್ಕಾಗಿಯೇ.

ಈ ಕಾರಣಗಳಲ್ಲಿ ಒಂದನ್ನು ನಾವು ಸುಲಭವಾಗಿ ತಡೆಯಬಹುದು. ಅದು ವಿಟಮಿನ್ ಕೆ ಕೊರತೆ. ರಕ್ತ ಹೆಪ್ಪುಗಟ್ಟಲು ಬೇಕಾದ ಈ ವಿಟಮಿನ್ ಹುಟ್ಟುವಾಗ ಶಿಶುವಿನಲ್ಲಿ ಬಹಳ ಕಡಿಮೆ ಇರುತ್ತದೆ, ತಾಯಿಯ ಹಾಲಿನಲ್ಲೂ ಅಲ್ಪ ಪ್ರಮಾಣದಲ್ಲಿರುತ್ತದೆ. ಎದೆಹಾಲು ಶಿಶುವಿಗೆ ಅತ್ಯುತ್ತಮ ಆಹಾರ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಈ ಒಂದು ಕೊರತೆಯನ್ನು ತುಂಬಲು ಹುಟ್ಟಿದ ಕೂಡಲೇ ತೊಡೆಗೆ 1 ಮಿಲಿಗ್ರಾಂ ವಿಟಮಿನ್ ಕೆ ಚುಚ್ಚುಮದ್ದು ಕೊಡಲಾಗುತ್ತದೆ. 1 ಕಿಲೋಗಿಂತ ಕಡಿಮೆ ತೂಕದ ಶಿಶುವಿಗೆ ಇದರ ಅರ್ಧ. ಇದು ಸಿಗದ ಮಕ್ಕಳಲ್ಲಿ ಎರಡನೇ ವಾರದಿಂದ ಮೂರನೇ ತಿಂಗಳೊಳಗೆ, ಯಾವ ಪೆಟ್ಟೂ ಇಲ್ಲದೆ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ. ಹೊಕ್ಕುಳು ಅಥವಾ ಮೂಗಿನಿಂದ ರಕ್ತ ಜಿನುಗುವುದು, ಮೈಮೇಲೆ ಕಾರಣವಿಲ್ಲದ ನೀಲಿ ಕಲೆಗಳು ಇದರ ಮುನ್ಸೂಚನೆಗಳು. ಮನೆಯಲ್ಲಿ ಹೆರಿಗೆಯಾದ ಶಿಶುಗಳಿಗೆ ಈ ಚುಚ್ಚುಮದ್ದು ತಪ್ಪಿಹೋಗುವ ಸಂಭವ ಹೆಚ್ಚು. ನಿಮ್ಮ ಮಗುವಿಗೆ ಕೊಟ್ಟಿದ್ದಾರೆಯೇ ಎಂದು ಡಿಸ್ಚಾರ್ಜ್ ಚೀಟಿ ಮತ್ತು ತಾಯಿ ಕಾರ್ಡಿನಲ್ಲಿ ನೋಡಿ. ಇಲ್ಲದಿದ್ದರೆ ಇಂದೇ ವೈದ್ಯರನ್ನು ಕೇಳಿ.

ಅಳು ನಿಲ್ಲದ ರಾತ್ರಿಗಳು

ಯಾವ ತಾಯಿ, ಯಾವ ತಂದೆ ತಮ್ಮ ಮಗುವನ್ನು ಬೇಕೆಂದೇ ಕುಲುಕುತ್ತಾರೆ ಎಂದು ನೀವು ಕೇಳಬಹುದು. ಕ್ರೂರಿಗಳು ಮಾತ್ರ ಹೀಗೆ ಮಾಡುತ್ತಾರೆ ಎಂಬ ಭಾವನೆ ಸರಿಯಲ್ಲ. ಹೆಚ್ಚಿನ ಪ್ರಕರಣಗಳ ಹಿಂದೆ ಇರುವುದು ನಿಲ್ಲದ ಅಳು ಮತ್ತು ನಿದ್ದೆಗೆಟ್ಟ ಒಬ್ಬ ದೊಡ್ಡವರು. ಆರೋಗ್ಯವಂತ ಶಿಶುಗಳ ಅಳು ಎರಡನೇ ವಾರದಿಂದ ಹೆಚ್ಚುತ್ತಾ ಹೋಗಿ ಸುಮಾರು ಆರರಿಂದ ಎಂಟನೇ ವಾರದಲ್ಲಿ ಅತಿ ಹೆಚ್ಚಾಗುತ್ತದೆ. ಮೂರು, ನಾಲ್ಕು ತಿಂಗಳ ಹೊತ್ತಿಗೆ ಇಳಿಯುತ್ತದೆ. ಹೆಚ್ಚಾಗಿ ಸಂಜೆ ಮತ್ತು ರಾತ್ರಿ ಅಳು ಜಾಸ್ತಿ. ಹೊಟ್ಟೆ ತುಂಬಿದ್ದರೂ, ಬಟ್ಟೆ ಒಣಗಿದ್ದರೂ, ಏನು ಮಾಡಿದರೂ ಕೆಲವೊಮ್ಮೆ ಅದು ನಿಲ್ಲುವುದಿಲ್ಲ.

ನಮ್ಮ ಮನೆಗಳ ಲೆಕ್ಕ ನೋಡಿ. ನಲವತ್ತು ದಿನಗಳ ಬಾಣಂತನ ಮುಗಿಯುತ್ತದೆ. ಸ್ನಾನ ಮಾಡಿಸಲು ಬರುತ್ತಿದ್ದವರು ನಿಲ್ಲುತ್ತಾರೆ. ನೆಂಟರು ಹೊರಟುಹೋಗುತ್ತಾರೆ. ಅಳು ಅತಿ ಹೆಚ್ಚಾಗುವ ವಾರಗಳಲ್ಲೇ ಸಹಾಯದ ಕೈಗಳು ಕಡಿಮೆಯಾಗುತ್ತವೆ. ಅಜ್ಜಿಯಂದಿರಲ್ಲಿ ನನ್ನ ವಿನಂತಿ ಏನೆಂದರೆ, ನಲವತ್ತನೇ ದಿನದ ನಂತರದ ಒಂದು ತಿಂಗಳು ಮಗಳನ್ನೋ ಸೊಸೆಯನ್ನೋ ಒಂಟಿಯಾಗಿ ಬಿಡಬೇಡಿ. ತಂದೆಯಂದಿರಿಗೂ ಒಂದು ಮಾತು. ಪ್ರಪಂಚದ ಹಲವು ಕಡೆ ದಾಖಲಾದ ಪ್ರಕರಣಗಳಲ್ಲಿ ಕುಲುಕಿದವರಲ್ಲಿ ಗಂಡಸರ ಸಂಖ್ಯೆಯೇ ಹೆಚ್ಚು. ದುಡಿದು ದಣಿದು ಬಂದವನಿಗೆ ಅಳು ಕೇಳಿ ಸಿಟ್ಟು ಬರುವುದು ಸಹಜ. ಆ ಸಿಟ್ಟು ಕೈಗೆ ಇಳಿಯಬಾರದು.

ಹೀಗೆ ಮಾಡಿ: ಮೊದಲು ಹಸಿವು, ಒದ್ದೆ ಬಟ್ಟೆ, ಜ್ವರ, ಸೆಕೆ, ಚಳಿ, ಬೆರಳಿಗೆ ದಾರ ಅಥವಾ ಕೂದಲು ಸುತ್ತಿಕೊಂಡಿರುವುದು, ಇವುಗಳನ್ನು ನೋಡಿ. ಯಾವುದೂ ಇಲ್ಲದೆ ಅಳು ಮುಂದುವರಿದು, ನಿಮ್ಮ ತಾಳ್ಮೆ ಮುಗಿಯುತ್ತಿದೆ ಎನಿಸಿದರೆ, ಮಗುವನ್ನು ತೊಟ್ಟಿಲಿನಲ್ಲಿ ಬೆನ್ನ ಮೇಲೆ ಮಲಗಿಸಿ. ಬೇರೆ ಕೋಣೆಗೆ ಹೋಗಿ. ವುಝೂ ಮಾಡಿ, ನೀರು ಕುಡಿಯಿರಿ, ಕುಳಿತುಕೊಳ್ಳಿ. ಸಿಟ್ಟು ಬಂದಾಗ ನಿಂತಿರುವವನು ಕುಳಿತುಕೊಳ್ಳಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಐದು, ಹತ್ತು ನಿಮಿಷಗಳ ನಂತರ ಮರಳಿ ಬನ್ನಿ, ಅಥವಾ ಇನ್ನೊಬ್ಬರನ್ನು ಕರೆಯಿರಿ. ತೊಟ್ಟಿಲಿನಲ್ಲಿ ಹತ್ತು ನಿಮಿಷ ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಕೆಲವೇ ಸೆಕೆಂಡುಗಳ ಕುಲುಕಾಟ ಜೀವನವಿಡೀ ಉಳಿಯುವ ಹಾನಿ ಮಾಡಬಲ್ಲದು. ಇಂತಹ ಗಾಯಕ್ಕೆ ಒಳಗಾದ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಉಳಿಯುವುದಿಲ್ಲ ಎಂಬುದು ಅಮೆರಿಕದ ಅಂದಾಜು.

ನಮಾಝ್ ನಿರ್ವಹಿಸುತ್ತಿರುವಾಗ ಮಗುವಿನ ಅಳು ಕೇಳಿದರೆ ಆ ತಾಯಿಯ ಸಂಕಟವನ್ನು ನೆನೆದು ಪ್ರವಾದಿ(ಸ) ನಮಾಝನ್ನು ಚಿಕ್ಕದಾಗಿಸುತ್ತಿದ್ದರೆಂದು ಹದೀಸ್‌ನಲ್ಲಿದೆ. ಅಳುವ ಮಗುವಿನ ತಾಯಿಗೆ ಆಸರೆಯಾಗುವುದು ಮನೆಯವರೆಲ್ಲರ ಹೊಣೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಮಾದರಿ ಬೇಕೇ?

ತಲೆಗೆ ಪೆಟ್ಟಾದಾಗ ನೀವು ಗಮನಿಸಬೇಕಾದದ್ದು

ಬಿದ್ದ ಕೂಡಲೇ ಅತ್ತು, ಸ್ವಲ್ಪ ಹೊತ್ತಿನಲ್ಲಿ ಸಮಾಧಾನಗೊಂಡು, ಹಾಲು ಕುಡಿದು, ಎಂದಿನಂತೆ ಆಡುವ ಮಗು ಬಹುತೇಕ ಸುರಕ್ಷಿತ. ಆದರೂ ಮೊದಲ 24 ಗಂಟೆ ಕಣ್ಣಿಟ್ಟಿರಿ. ಕೆಳಗಿನವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

* ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದ್ದು, ಬಿದ್ದ ಮೇಲೆ ಅಳದೆ ಮಂಕಾಗಿದ್ದದ್ದು.
* ಮತ್ತೆ ಮತ್ತೆ ವಾಂತಿ, ಹಾಲು ಕುಡಿಯದಿರುವುದು.
* ಎಬ್ಬಿಸಿದರೂ ಏಳದ ಮಂಪರು, ಅಥವಾ ಎತ್ತಿಕೊಂಡರೂ ನಿಲ್ಲದ ಕರ್ಕಶ ಅಳು.
* ಫಿಟ್ಸ್, ಕೈಕಾಲು ಬಿಗಿಯಾಗುವುದು ಅಥವಾ ಜೋತುಬೀಳುವುದು, ಉಸಿರು ನಿಂತು ನಿಂತು ಬರುವುದು.
* ಮಗು ಅಳದೆ ಕುಳಿತಿರುವಾಗಲೂ ನೆತ್ತಿಯ ಮೆತ್ತಗಿನ ಭಾಗ ಉಬ್ಬಿರುವುದು.
* ಎರಡು ಕಣ್ಣುಗಳ ಪಾಪೆಗಳು ಬೇರೆ ಬೇರೆ ಗಾತ್ರದಲ್ಲಿರುವುದು, ಹೊಸದಾಗಿ ಮಾಲುಗಣ್ಣು, ಮುಖವನ್ನು ದಿಟ್ಟಿಸದಿರುವುದು.
* ಹಣೆಯನ್ನು ಬಿಟ್ಟು ತಲೆಯ ಬೇರೆ ಭಾಗದಲ್ಲಿ ಮೆತ್ತಗಿನ ದೊಡ್ಡ ಊತ.
* ಮಗು ಮೂರು ತಿಂಗಳಿಗಿಂತ ಚಿಕ್ಕದಾಗಿದ್ದರೆ, ಅಥವಾ ಎರಡು ವರ್ಷದೊಳಗಿನ ಮಗು ಸುಮಾರು ಮೂರು ಅಡಿಗಿಂತ ಎತ್ತರದಿಂದ ಬಿದ್ದಿದ್ದರೆ, ಲಕ್ಷಣ ಇಲ್ಲದಿದ್ದರೂ ಒಮ್ಮೆ ತೋರಿಸಿ.

ಎಲ್ಲ ಮಕ್ಕಳಿಗೂ ಸಿ.ಟಿ. ಸ್ಕ್ಯಾನ್ ಬೇಕಾಗಿಲ್ಲ. ತಲೆಗೆ ಪೆಟ್ಟಾದ 42,412 ಮಕ್ಕಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದ ಆಧಾರದಲ್ಲಿ, ಯಾರಿಗೆ ಸ್ಕ್ಯಾನ್ ಬೇಕು, ಯಾರನ್ನು ಕೆಲವು ಗಂಟೆ ಆಸ್ಪತ್ರೆಯಲ್ಲಿಟ್ಟು ನೋಡಿದರೆ ಸಾಕು ಎಂಬ ನಿಯಮಗಳು ರೂಪುಗೊಂಡಿವೆ. ವೈದ್ಯರು "ಸ್ಕ್ಯಾನ್ ಈಗ ಬೇಡ, ನೋಡೋಣ" ಎಂದರೆ ಒತ್ತಾಯಿಸಬೇಡಿ. "ಬೇಕು" ಎಂದರೆ ನಿರಾಕರಿಸಬೇಡಿ.

ಮಾಡಬಾರದ ಕೆಲಸಗಳು

ಪೆಟ್ಟಾದ ಮಗುವಿನ ಕಣ್ಣಿಗೆ ಸುರ್ಮಾ, ಜೇನು, ಗುಲಾಬ್ ಜಲ, ಎದೆಹಾಲು ಯಾವುದನ್ನೂ ಹಾಕಬೇಡಿ. ತರ್ಫಾಕ್ಕೆ ಪಾರಿವಾಳದ ಬಿಸಿರಕ್ತ ಹನಿಸುವ ಮಾತು ಹಳೆಯ ಗ್ರಂಥಗಳಲ್ಲಿದೆ. ಇಂದು ಯಾವ ತಿಳಿದ ಹಕೀಮನೂ ಅದನ್ನು ಹೇಳುವುದಿಲ್ಲ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ತಲೆಗೆ ಪೆಟ್ಟಾದ ಮೊದಲ ಗಂಟೆಗಳಲ್ಲಿ ಮಗುವನ್ನು ನಮ್ಮ ದವಾಖಾನೆಗೆ ತರಬೇಡಿ. ಸ್ಕ್ಯಾನ್ ಮತ್ತು ಮಕ್ಕಳ ತಜ್ಞರು ಇರುವ ಆಸ್ಪತ್ರೆಗೆ ನೇರವಾಗಿ ಹೋಗಿ. ಇನ್ನು ಸುರ್ಮಾದ ಮಾತು. ಮಾರುಕಟ್ಟೆಯಲ್ಲಿ ಸಿಗುವ ಅನೇಕ ಸುರ್ಮಾಗಳಲ್ಲಿ ಸೀಸ ಇರುತ್ತದೆ. ಸೀಸ ಎಳೆಯ ಮೆದುಳಿಗೆ ವಿಷ. ಪೆಟ್ಟಾಗಿರಲಿ, ಆಗದಿರಲಿ, ಚಿಕ್ಕ ಮಕ್ಕಳಿಗೆ ಹಚ್ಚದಿರುವುದೇ ಲೇಸು.

ಊತವನ್ನು ತಿಕ್ಕಿ ಕರಗಿಸಲು ಹೋಗಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆ ಅಥವಾ ಸಿರಪ್ಪನ್ನು ನೀವಾಗಿಯೇ ಕೊಡಬೇಡಿ. ಪ್ರಜ್ಞೆ ತಪ್ಪಿದ ಮಗುವನ್ನು ಎಚ್ಚರಿಸಲು ಕುಲುಕಲೇಬೇಡಿ. ಪಾದವನ್ನು ತಟ್ಟಿ, ಹೆಸರು ಹಿಡಿದು ಕರೆಯಿರಿ.

ಹಾಲು ಕುಡಿಯದೆ ವಾಂತಿ ಮಾಡುತ್ತಾ ಮಂಕಾಗಿ ಮಲಗಿದ ಮಗುವಿಗೆ "ದೃಷ್ಟಿ ತಾಗಿದೆ" ಎಂದೋ "ಗ್ಯಾಸ್ ಆಗಿದೆ" ಎಂದೋ ಒಂದೆರಡು ದಿನ ಕಳೆಯುವ ಮನೆಗಳಿವೆ. ಮೆದುಳಿನ ಸುತ್ತ ರಕ್ತ ಸೇರಿದ ಶಿಶುವಿನಲ್ಲೂ ಇವೇ ಲಕ್ಷಣಗಳು. ದುಆ ಮಾಡಿ, ಓದಿ ಊದಿ. ಆದರೆ ಅದನ್ನು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮಾಡಿ.

ವೈದ್ಯರ ಮುಂದೆ ಸತ್ಯ ಹೇಳಿ

ಎಷ್ಟು ಹೊತ್ತಿಗೆ ಆಯಿತು, ಎಷ್ಟು ಎತ್ತರದಿಂದ, ನೆಲ ಎಂಥದ್ದು, ಕೂಡಲೇ ಅತ್ತಿತೇ, ಎಷ್ಟು ಸಲ ವಾಂತಿಯಾಯಿತು, ಆಗ ಹತ್ತಿರ ಯಾರಿದ್ದರು, ಇಷ್ಟನ್ನು ಇದ್ದಂತೆ ಹೇಳಿ. ತಾಯಿ ಕಾರ್ಡನ್ನು ಜೊತೆಗೆ ಕೊಂಡೊಯ್ಯಿರಿ. ಅಣ್ಣನ ಕೈಯಿಂದ ಜಾರಿತು, ಅಜ್ಜಿಯ ಮಡಿಲಿನಿಂದ ಬಿತ್ತು, ಅಪ್ಪ ಸಿಟ್ಟಿನಲ್ಲಿ ಕುಲುಕಿದ ಎಂಬುದನ್ನು ಮನೆಯ ಮರ್ಯಾದೆಗಾಗಿ ಮುಚ್ಚಿಡುವವರಿದ್ದಾರೆ. ಹಾಗೆ ಮುಚ್ಚಿಟ್ಟರೆ ವೈದ್ಯರು ಹೊಟ್ಟೆಯ ಕಾಯಿಲೆ ಎಂದು ತಿಳಿದು ಔಷಧಿ ಕೊಟ್ಟು ಕಳುಹಿಸಬಹುದು, ಮೆದುಳಿನ ರಕ್ತಸ್ರಾವ ಹಾಗೆಯೇ ಉಳಿಯಬಹುದು. ಹೇಳಿದ ಕಥೆಗೂ ಗಾಯಕ್ಕೂ ಹೊಂದಿಕೆಯಾಗದಿದ್ದರೆ ಪೊಲೀಸರಿಗೆ ಮಾಹಿತಿ ಹೋಗುತ್ತದೆ. ನಿಜವಾಗಿಯೂ ಆಕಸ್ಮಿಕವಾಗಿದ್ದರೆ ನೇರವಾದ ಮಾತೇ ನಿಮ್ಮ ರಕ್ಷಣೆ. ಒಂದು ವೇಳೆ ಮನೆಯಲ್ಲಿ ಯಾರೋ ಮಗುವಿಗೆ ಹಿಂಸೆ ಕೊಡುತ್ತಿದ್ದಾರೆಂದು ನಿಮಗೆ ಗೊತ್ತಿದ್ದರೆ, ಮೌನವಾಗಿರುವುದು ಸಬ್ರ್ ಅಲ್ಲ. 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಬಹುದು. ಹೀಗೆ ಕುಲುಕುವುದು ಒಮ್ಮೆಗೆ ನಿಲ್ಲದೆ ಮರುಕಳಿಸುವುದುಂಟು. ಎರಡನೇ ಸಲ ಮಗು ಉಳಿಯದೇ ಹೋಗಬಹುದು.

ಗುಣವಾದ ನಂತರವೂ ಕಣ್ಣಿನ ಪರೀಕ್ಷೆ

ಅಕ್ಷಿಪಟಲದ ರಕ್ತ ಹೆಚ್ಚಿನ ಮಕ್ಕಳಲ್ಲಿ ವಾರಗಳಲ್ಲಿ ಅಥವಾ ಕೆಲವು ತಿಂಗಳಲ್ಲಿ ಚಿಕಿತ್ಸೆಯಿಲ್ಲದೆ ಕರಗುತ್ತದೆ. ಆದರೆ ಸ್ಪಷ್ಟ ದೃಷ್ಟಿಯ ಕೇಂದ್ರದ ಮೇಲೆ ರಕ್ತ ನಿಂತು ಬೆಳಕನ್ನು ತಡೆದರೆ, ಮೆದುಳು ಆ ಕಣ್ಣನ್ನು ಬಳಸುವುದನ್ನೇ ಕಲಿಯದೆ 'ಸೋಮಾರಿ ಕಣ್ಣು' ಉಂಟಾಗುತ್ತದೆ. ಕೆಲವರಿಗೆ ಶಸ್ತ್ರಚಿಕಿತ್ಸೆ, ಕನ್ನಡಕ, ಒಂದು ಕಣ್ಣಿಗೆ ಪಟ್ಟಿ ಕಟ್ಟುವ ಚಿಕಿತ್ಸೆ ಬೇಕಾಗಬಹುದು. ಕಣ್ಣು ಸರಿಯಾಗಿದ್ದರೂ ನೋಡಿದ್ದನ್ನು ಅರಿಯುವ ಮೆದುಳಿನ ಹಿಂಭಾಗಕ್ಕೆ ಪೆಟ್ಟಾಗಿದ್ದರೆ ದೃಷ್ಟಿ ಕುಂದಬಹುದು. ಆದ್ದರಿಂದ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೇತ್ರತಜ್ಞರು ಹೇಳಿದ ದಿನ ತಪ್ಪಿಸಬೇಡಿ.

ಮನೆಯಲ್ಲಿ ಇಷ್ಟು ಎಚ್ಚರವಿರಲಿ

ಉರುಳಲು ಕಲಿತ ಮಗುವನ್ನು ಮಂಚದ ಮೇಲೆ ಒಂಟಿಯಾಗಿ ಬಿಡಬೇಡಿ. ನೆಲದ ಮೇಲಿನ ಹಾಸಿಗೆ ಒಳ್ಳೆಯದು. ಮೆಟ್ಟಿಲಿಗೆ ಅಡ್ಡಗಟ್ಟೆ, ತಾರಸಿಗೆ ಕೈಪಿಡಿಗೋಡೆ ಇರಲಿ. ತಿರುಗುವ ಫ್ಯಾನಿನ ಕೆಳಗೆ ಮಗುವನ್ನು ಎತ್ತಿ ಹಾರಿಸಬೇಡಿ. ಗಾಲಿಯ ಬೇಬಿ ವಾಕರ್ ಕೊಳ್ಳಬೇಡಿ. ಮೆಟ್ಟಿಲುಗಳಿಂದ ಉರುಳಿ ತಲೆಗೆ ಪೆಟ್ಟಾಗುವ ಕಾರಣಕ್ಕೆ ಕೆನಡಾ ದೇಶ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿದೆ. ಸ್ಕೂಟರಿನ ಮುಂದೆ ಮಗುವನ್ನು ನಿಲ್ಲಿಸಬೇಡಿ. 9 ತಿಂಗಳಿನಿಂದ 4 ವರ್ಷದವರೆಗಿನ ಮಕ್ಕಳಿಗೆ ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ ಮತ್ತು ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ ಕಡ್ಡಾಯ. ವೇಗ 40 ಕಿ.ಮೀ. ಮೀರಬಾರದು ಎಂಬ ನಿಯಮ 2023ರಿಂದ ಜಾರಿಯಲ್ಲಿದೆ.

ಮಗುವನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ, ಅಣ್ಣ, ಅಕ್ಕ, ಮಾಮ, ಮನೆಗೆಲಸದವರು ಎಲ್ಲರಿಗೂ ಒಂದು ಮಾತನ್ನು ಬಾಯಿಬಿಟ್ಟು ಹೇಳಿ: "ಮಗು ಅತ್ತರೆ ತೊಟ್ಟಿಲಲ್ಲಿ ಮಲಗಿಸಿ ನನ್ನನ್ನು ಕರೆಯಿರಿ, ಕುಲುಕಬೇಡಿ." ಮಕ್ಕಳು ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿದ ಅಮಾನತ್. ಆ ಪುಟ್ಟ ಕಣ್ಣುಗಳ ಬೆಳಕನ್ನು ಕಾಯಲು ಹೆಚ್ಚಿನ ಬಾರಿ ದುಬಾರಿ ಔಷಧಿ ಬೇಕಾಗಿಲ್ಲ, ಹತ್ತು ನಿಮಿಷಗಳ ತಾಳ್ಮೆ ಮತ್ತು ಸಮಯಕ್ಕೆ ಸರಿಯಾಗಿ ಹೇಳಿದ ಒಂದು ಸತ್ಯ ಸಾಕು.